ಮಗುವಿಗೆ ಚೀಪುವ ನಿಪ್ಪಲ್ ಕೊಡಬೇಕಾ, ಬೇಡವಾ? ತೀರ್ಮಾನದಿಂದ ಬಿಡಿಸುವವರೆಗೆ

ಹೆರಿಗೆ ವಾರ್ಡಿನಿಂದ ಮನೆಗೆ ಕಳಿಸುವಾಗ ನರ್ಸಮ್ಮ "ನಿಪ್ಪಲ್ ಗಿಪ್ಪಲ್ ಏನೂ ಕೊಡಬೇಡಿ" ಎಂದು ಹೇಳಿರುತ್ತಾರೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ಅಮೆರಿಕದಲ್ಲಿರುವ ನಾದಿನಿ ವಿಡಿಯೊ ಕಾಲ್ ಮಾಡಿ "ಇಲ್ಲಿ ಡಾಕ್ಟರೇ ಕೊಡಿ ಅಂತಾರೆ ಅತ್ತಿಗೆ" ಎನ್ನುತ್ತಾಳೆ. ಮಗು ನೋಡಲು ಬಂದವರು ತಂದ ಉಡುಗೊರೆ ಡಬ್ಬಿಯಲ್ಲಿ ಬಾಚಣಿಗೆ, ಪೌಡರ್ ಜೊತೆಗೆ ಒಂದು ನಿಪ್ಪಲ್ಲೂ ಇರುತ್ತದೆ. ಅತ್ತೆಗೆ ಅದನ್ನು ಕಂಡರೇ ಆಗುವುದಿಲ್ಲ. ಮಗು ಮಾತ್ರ ಸಂಜೆಯಾದರೆ ಸಾಕು, ಮನೆ ಕಿತ್ತುಹೋಗುವ ಹಾಗೆ ಅಳುತ್ತದೆ.

ಇಷ್ಟು ಜನರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರು ಒಂದೊಂದು ವಯಸ್ಸಿನ ಮಗುವನ್ನು, ಒಂದೊಂದು ಭಯವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದಾರೆ, ಅಷ್ಟೆ.

ನಾನಿಲ್ಲಿ ಹೇಳುತ್ತಿರುವುದು ಹಾಲಿನ ಬಾಟಲಿಗೆ ಹಾಕುವ ನಿಪ್ಪಲ್ ಬಗ್ಗೆ ಅಲ್ಲ. ಹಾಲು ಬರದ, ಸುಮ್ನೆ ಚೀಪಲು ಬಾಯಿಗಿಡುವ ನಿಪ್ಪಲ್ ಬಗ್ಗೆ. ಪ್ಯಾಕೆಟ್ ಮೇಲೆ ಪ್ಯಾಸಿಫೈಯರ್ ಅಥವಾ ಸೂದರ್ ಎಂದು ಬರೆದಿರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಮನೆಗಳಲ್ಲಿ ಬಹಳಷ್ಟು ಮಕ್ಕಳಿಗೆ ಇದು ಬೇಕಾಗುವುದಿಲ್ಲ. ಬೇಕಾದ ಮಗುವಿಗೆ ಕೊಟ್ಟರೆ ಪಾಪವೂ ಅಲ್ಲ. ಆದರೆ ಅಂಗಡಿಗೆ ಹೋಗುವ ಮೊದಲು ಮೂರು ವಿಷಯ ತೀರ್ಮಾನವಾಗಿರಬೇಕು: ಯಾವ ವಯಸ್ಸಿನಿಂದ, ದಿನದ ಯಾವ ಹೊತ್ತಿನಲ್ಲಿ, ಮತ್ತು ಯಾವಾಗ ನಿಲ್ಲಿಸುವುದು. ಈ ಮೂರನೆಯದನ್ನು ಯಾರೂ ಯೋಚಿಸುವುದಿಲ್ಲ. ತೊಂದರೆಯೆಲ್ಲ ಶುರುವಾಗುವುದು ಅಲ್ಲೇ.

ಹೆಜ್ಜೆ 1: ಮಗುವಿಗೆ ಎಷ್ಟು ದಿನವಾಗಿದೆ ನೋಡಿ

ಮೊದಲ 3–4 ವಾರ ನಿಪ್ಪಲ್ ಬೇಡ. ಇದರಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ.

ಎದೆಹಾಲು ಬರುವುದು ಮಗು ಚೀಪಿದಷ್ಟು. ಚೀಪಿದರೆ ಹಾಲು ಇಳಿಯುತ್ತದೆ, ಎದೆ ಖಾಲಿಯಾದರೆ ಮತ್ತೆ ತುಂಬುತ್ತದೆ. ಮೊದಲ ವಾರಗಳಲ್ಲಿ ಮಗು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯಬೇಕು. ಆ ಹೊತ್ತಿನಲ್ಲಿ ಬಾಯಿಗೆ ನಿಪ್ಪಲ್ ಇಟ್ಟರೆ ಮಗು ಚೀಪುವ ಆಸೆಯನ್ನು ಅಲ್ಲಿ ತೀರಿಸಿಕೊಳ್ಳುತ್ತದೆ. ಎರಡು ಸಲದ ಹಾಲು ತಪ್ಪುತ್ತದೆ. ಎದೆಗೆ "ಇಷ್ಟೇ ಸಾಕು" ಎಂಬ ಲೆಕ್ಕ ಸಿಗುತ್ತದೆ. ಆಮೇಲೆ "ಹಾಲು ಸಾಲುತ್ತಿಲ್ಲ" ಎಂದು ಡಬ್ಬಿ ಹಾಲಿಗೆ ಹೋಗುವುದು. ನರ್ಸಮ್ಮನ ಭಯ ಇದು, ನ್ಯಾಯವಾದ ಭಯವೇ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಹೆರಿಗೆ ಆಸ್ಪತ್ರೆಗಳಿಗೆ ಹತ್ತು ಸೂತ್ರ ಕೊಟ್ಟವು. ಎದೆಹಾಲು ಕುಡಿಯುವ ಮಕ್ಕಳಿಗೆ ನಿಪ್ಪಲ್ ಕೊಡಲೇಬೇಡಿ ಎಂಬುದು ಅದರಲ್ಲಿ ಒಂದು. 2018ರಲ್ಲಿ ಅದನ್ನು ಸ್ವಲ್ಪ ಸಡಿಲಿಸಿ, ಬಾಟಲಿ ಮತ್ತು ನಿಪ್ಪಲ್ ಬಳಕೆಯ ಅಪಾಯಗಳನ್ನು ತಾಯಿಗೆ ತಿಳಿಸಿ ಹೇಳಿ ಎಂದು ಬದಲಿಸಿದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮಲಗುವಾಗ ನಿಪ್ಪಲ್ ಕೊಡಿ ಎಂದು ಹೇಳಲು ಶುರು ಮಾಡಿದ್ದು 2005ರಲ್ಲಿ. ಆದರೆ ಅವರೂ ಎದೆಹಾಲು ಚೆನ್ನಾಗಿ ಹೊಂದಿಕೊಂಡ ಮೇಲೆ ಎಂದೇ ಹೇಳುತ್ತಾರೆ. ಅಂದರೆ ವಾರ್ಡಿನಲ್ಲಿ ನರ್ಸಮ್ಮ ಹೇಳಿದ್ದೂ ಸರಿ, ತಿಂಗಳಾದ ಮೇಲೆ ನಾದಿನಿಯ ಡಾಕ್ಟರ್ ಹೇಳಿದ್ದೂ ಸರಿ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ಲೆಕ್ಕ ಬೇರೆ. ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ನವಜಾತ ಶಿಶು ಘಟಕದಲ್ಲಿ ಇಟ್ಟಿರುವ ಮಗುವಿಗೆ ಮೂಗಿನ ಕೊಳವೆಯಲ್ಲಿ ಹಾಲು ಹೋಗುತ್ತಿರುತ್ತದೆ. ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಜೊತೆಯಾಗಿ ಮಾಡುವುದು ಅದಕ್ಕೆ ಇನ್ನೂ ಬಂದಿರುವುದಿಲ್ಲ. ಚೀಪುವ ಅಭ್ಯಾಸ ಸಿಕ್ಕರೆ ಅಂಥ ಮಕ್ಕಳು ಬೇಗ ಬಾಯಲ್ಲಿ ಹಾಲು ಕುಡಿಯಲು ಕಲಿಯುತ್ತವೆ. ಅಲ್ಲಿ ನಿಪ್ಪಲ್ ಕೊಡುವುದು ಬಿಡುವುದು ಡಾಕ್ಟರ ತೀರ್ಮಾನ. ನಿಮ್ಮ ಪಾಲಿನ ಕೆಲಸ ಕಾಂಗರೂ ಆರೈಕೆ, ಅಂದರೆ ಮಗುವನ್ನು ಬರಿ ಎದೆಗೆ ಒತ್ತಿಕೊಂಡು ಇಟ್ಟುಕೊಳ್ಳುವುದು. ಅದನ್ನು ತಪ್ಪಿಸಬೇಡಿ.

ಹೆಜ್ಜೆ 2: ಹಾಲು ಸಾಲುತ್ತಿದೆಯಾ?

ತಿಂಗಳಾಯಿತು ಅನ್ನಿ. ಈಗಲೂ ನಿಪ್ಪಲ್‌ಗೆ ಮೊದಲು ಹಾಲಿನ ಲೆಕ್ಕ ಆಗಬೇಕು. ಹಸಿದ ಮಗುವಿನ ಬಾಯಿಗೆ ನಿಪ್ಪಲ್ ಇಟ್ಟರೆ ಅದೂ ಸುಮ್ಮನಾಗುತ್ತದೆ. ಅಪಾಯ ಇರುವುದೇ ಅಲ್ಲಿ.

ಅಳುವನ್ನು ನೋಡಿ ಹಾಲು ಸಾಲುತ್ತಿಲ್ಲ ಎಂದು ಹೇಳಲು ಬರುವುದಿಲ್ಲ. ಉಚ್ಚೆ ಮತ್ತು ತೂಕ ನೋಡಿ ಹೇಳಬಹುದು. ಐದಾರು ದಿನದ ನಂತರ ಮಗು 24 ಗಂಟೆಯಲ್ಲಿ ಕನಿಷ್ಠ 6 ಸಲ ಚೆನ್ನಾಗಿ ಉಚ್ಚೆ ಹೊಯ್ಯಬೇಕು, ಬಣ್ಣ ತಿಳಿಯಾಗಿರಬೇಕು. ಹುಟ್ಟಿದ ಮೇಲೆ ತೂಕ ಸ್ವಲ್ಪ ಇಳಿಯುವುದು ಮಾಮೂಲು. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು.

ತೂಕಕ್ಕೆ ಎಲ್ಲಿಗೂ ಓಡಬೇಕಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕೆಂಬ ನಿಯಮವಿದೆ. ಬಂದಾಗ ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮುಂದೆ ಅಂಗನವಾಡಿಯಲ್ಲಿ ನೋಡಿಸಬಹುದು. ತವರಿಗೆ ಬಂದಿದ್ದರೆ ಆ ಊರಿನ ಆಶಾಗೆ ಹೇಳಿಸಿ. ಊರು ಬದಲಾದ ಬಾಣಂತಿಯರು ಈ ಪಟ್ಟಿಯಿಂದ ತಪ್ಪಿಹೋಗುವುದು ಜಾಸ್ತಿ.

ತೂಕ ಏರುತ್ತಿಲ್ಲವೇ? ಎದೆ ಹಿಡಿಯುವಾಗ ತೊಟ್ಟು ಬಿರಿದು ನೋವಾಗುತ್ತಿದೆಯೇ? ಹಾಗಾದರೆ ಈಗ ನಿಪ್ಪಲ್ ಮಾತು ಬೇಡ. ಮೊದಲು ಹಾಲೂಡಿಸುವ ರೀತಿಯನ್ನು ಡಾಕ್ಟರಿಗೋ ನರ್ಸಿಗೋ ತೋರಿಸಿ. ಮಗು ಬರೀ ತೊಟ್ಟಿನ ತುದಿ ಹಿಡಿಯುತ್ತಿದ್ದರೆ ಅದನ್ನು ಸರಿಮಾಡಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಹಿಂಡಿದ ಹಾಲು ಕುಡಿಸಬೇಕಾದರೆ ಬಾಟಲಿಗಿಂತ ನಮ್ಮ ಅಜ್ಜಿಯರ ಒಳಲೆಯೇ ಒಳ್ಳೆಯದು. ಅದನ್ನು ತೊಳೆಯುವುದೂ ಸುಲಭ.

ಹೆಜ್ಜೆ 3: ಅಳು ಯಾತಕ್ಕೆ ಎಂದು ನೋಡಿ

ಮಕ್ಕಳ ಅಳುವಿಗೂ ಒಂದು ಏರಿಳಿತ ಇದೆ. ಎರಡನೇ ವಾರದಿಂದ ಏರುತ್ತಾ ಹೋಗಿ, ಸುಮಾರು ಆರನೇ ವಾರಕ್ಕೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಹೆಚ್ಚು ಅಳುವುದು ಸಂಜೆ. ನಮ್ಮಲ್ಲಿ ಆ ಹೊತ್ತಿಗೆ ದೃಷ್ಟಿ ತೆಗೆಯುತ್ತಾರೆ. ತೆಗೆಯಲಿ ಬಿಡಿ, ಅದರಿಂದ ಮಗುವಿಗೆ ನಷ್ಟವಿಲ್ಲ, ಎತ್ತಿಕೊಂಡವರಿಗೂ ಸ್ವಲ್ಪ ಧೈರ್ಯ. ಆದರೆ ಆ ಮೆಣಸಿನಕಾಯಿ ಘಾಟು, ಸಾಂಬ್ರಾಣಿ ಹೊಗೆ ಮಗು ಇರುವ ಕೋಣೆಗೆ ಬರದಿರಲಿ.

ಸಂಜೆ ಹೊತ್ತು ಮಗು ಗಂಟೆಗೆರಡು ಸಲ ಎದೆ ಕೇಳುವುದೂ ಇದೆ. ರಾತ್ರಿ ಉದ್ದ ನಿದ್ದೆಗೆ ಮೊದಲು ಹೊಟ್ಟೆ ತುಂಬಿಸಿಕೊಳ್ಳುವ ಅದರ ರೀತಿ ಅದು. ಹಾಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಅಳು ಹಸಿವಿನ ಕೊನೆಯ ಮಾತು. ಅದಕ್ಕೆ ಮೊದಲೇ ಮಗು ಕೈಯನ್ನು ಬಾಯಿಗೆ ಒಯ್ಯುತ್ತದೆ, ತುಟಿ ಚಪ್ಪರಿಸುತ್ತದೆ, ಕೆನ್ನೆ ಮುಟ್ಟಿದ ಕಡೆಗೆ ತಲೆ ತಿರುಗಿಸುತ್ತದೆ. ಆಗಲೇ ಹಾಲು ಕೊಡಿ. ಹಾಲಾದ ಮೇಲೂ ಅತ್ತರೆ ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸಿ. ಬಟ್ಟೆ ಒದ್ದೆಯಾಗಿದೆಯಾ ನೋಡಿ. ಎಲ್ಲಕ್ಕಿಂತ ಮುಖ್ಯ, ಸೆಖೆ ನೋಡಿ. ಏಪ್ರಿಲ್ ತಿಂಗಳ ಮಂಡ್ಯದಲ್ಲಿ ಟೋಪಿ, ಸ್ವೆಟರ್, ಕಾಲುಚೀಲ ಹಾಕಿ, ಮೇಲೊಂದು ಉಣ್ಣೆ ಬಟ್ಟೆ ಸುತ್ತಿ ಮಲಗಿಸಿದ ಮಗು ಅಳದೆ ಇನ್ನೇನು ಮಾಡೀತು? ಎರಡು ಬಟ್ಟೆ ತೆಗೆದು ನೋಡಿ. ಆಮೇಲೆ ಎತ್ತಿಕೊಂಡು ಓಡಾಡುವುದು, ತೊಡೆ ಮೇಲೆ ಹಾಕಿ ತಟ್ಟುವುದು, ಜೋಗುಳ. ಇಷ್ಟೆಲ್ಲ ಆದ ಮೇಲೂ ಮಗು ಏನನ್ನಾದರೂ ಚೀಪಲೇಬೇಕು ಎಂದು ಹಟ ಮಾಡಿದರೆ, ಅದು ನಿಪ್ಪಲ್ ಕೇಳುವ ಅಳು. ಕೆಲವು ಮಕ್ಕಳಿಗೆ ಚೀಪುವ ಆಸೆ ನಿಜವಾಗಿಯೂ ಜಾಸ್ತಿ.

ಅಳು ನಿಲ್ಲಿಸಲೆಂದು ಜೇನುತುಪ್ಪ ನೆಕ್ಕಿಸಬೇಡಿ. ನಿಪ್ಪಲ್‌ಗೆ ಸವರಿಯೂ ಕೊಡಬೇಡಿ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಬೊಟುಲಿಸಂ ಎಂಬ, ಮೈ ಕೈ ಸೋತು ಉಸಿರಿಗೇ ತೊಂದರೆಯಾಗುವ ಕಾಯಿಲೆ ಬರಬಹುದು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರು ಕೂಡ ಬೇಡ ಎನ್ನುವಾಗ ಸಕ್ಕರೆ ನೀರು, ಗ್ರೈಪ್ ವಾಟರ್, ಬಜೆ ತೇಯ್ದು ನೆಕ್ಕಿಸುವುದು ಎಲ್ಲವೂ ಬೇಡದ ಪಟ್ಟಿಗೇ ಸೇರುತ್ತವೆ.

ಇನ್ನು ಕೆಲವು ಅಳುಗಳಿಗೆ ನಿಪ್ಪಲ್ಲೂ ಅಲ್ಲ, ಜೋಗುಳವೂ ಅಲ್ಲ, ಆಸ್ಪತ್ರೆ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಹಸಿರು ಬಣ್ಣದ ವಾಂತಿ, ಕಕ್ಕದಲ್ಲಿ ರಕ್ತ, ಉಬ್ಬಿದ ನೆತ್ತಿ, ಊದಿ ಬಿಗಿಯಾದ ಹೊಟ್ಟೆ, ಹಾಲು ಬೇಡವೆನ್ನುವುದು, ಎಬ್ಬಿಸಿದರೂ ಏಳದೆ ಬಟ್ಟೆಯ ಹಾಗೆ ಜೋತುಬೀಳುವುದು. ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಗಾಬರಿ ಬೀಳುವಂಥದ್ದಲ್ಲ, ಬರೀ ಅನುಮಾನ ಅಷ್ಟೆ ಎನ್ನುವಾಗ ಸಲಹೆಗೆ 104 ಇದೆ.

ಹೆಜ್ಜೆ 4: ಲಾಭವೇನು, ನಷ್ಟವೇನು

ಅಮೆರಿಕದವರು ಕೊಡಿ ಎನ್ನುವುದಕ್ಕೆ ಕಾರಣ ಮಗುವಿನ ಹಟವಲ್ಲ, ಸಾವಿನ ಭಯ. ಒಂದು ವರ್ಷದೊಳಗಿನ ಆರೋಗ್ಯವಾದ ಮಗು ಮಲಗಿದ್ದಲ್ಲೇ ಕಾರಣ ಗೊತ್ತಾಗದೆ ತೀರಿಕೊಳ್ಳುವುದಕ್ಕೆ ಅವರು ಸಿಡ್ಸ್ ಎನ್ನುತ್ತಾರೆ. ಮಲಗುವಾಗ ನಿಪ್ಪಲ್ ಚೀಪುವ ಮಕ್ಕಳಲ್ಲಿ ಇದು ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ನಿದ್ದೆ ಬಂದ ಮೇಲೆ ನಿಪ್ಪಲ್ ಬಾಯಿಂದ ಬಿದ್ದುಹೋದರೂ ಲಾಭ ಉಳಿಯುತ್ತದೆ. ಯಾಕೆ ಹಾಗೆ ಎಂಬ ಚರ್ಚೆ ತಜ್ಞರಲ್ಲಿ ಇನ್ನೂ ನಡೆಯುತ್ತಿದೆ.

ಆದರೆ ಈ ವಿಷಯದಲ್ಲಿ ನಿಪ್ಪಲ್‌ಗಿಂತ ಮೊದಲು ಮಾಡಬೇಕಾದ ಕೆಲಸಗಳಿವೆ. ಮಗುವನ್ನು ಅಂಗಾತ ಮಲಗಿಸಬೇಕು. ಹಾಸಿಗೆ ಗಟ್ಟಿಯಾಗಿರಬೇಕು. ಮುಖದ ಹತ್ತಿರ ದಪ್ಪ ರಜಾಯಿ, ಮೆತ್ತನೆ ದಿಂಬು ಇರಬಾರದು. ತಲೆ ಗುಂಡಗಾಗಲಿ ಎಂದು ಇಡುವ ರಾಗಿ ದಿಂಬು, ಸಾಸಿವೆ ದಿಂಬು ಕೂಡ ನಿದ್ದೆಯ ಹೊತ್ತಿಗೆ ಬೇಡ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ಅವರು ಮಗುವಿನ ಪಕ್ಕ ಮಲಗಬಾರದು. ಎದೆಹಾಲು ಕುಡಿಯುವುದೇ ಒಂದು ರಕ್ಷಣೆ. ಇಷ್ಟನ್ನೂ ಬಿಟ್ಟು ನಿಪ್ಪಲ್ ಒಂದನ್ನೇ ನಂಬಿದರೆ ಏನೂ ಪ್ರಯೋಜನವಿಲ್ಲ.

ಎರಡನೇ ಲಾಭ ನೋವಿಗೆ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಚುಚ್ಚುಮದ್ದು ಹಾಕಿಸುವಾಗ ಏನಾದರೂ ಚೀಪುತ್ತಿದ್ದರೆ ಮಗುವಿಗೆ ನೋವು ಕಡಿಮೆ. ಎದೆ ಕೊಡುತ್ತಲೇ ಚುಚ್ಚಿಸಿಕೊಂಡರೆ ಬಹಳ ಒಳ್ಳೆಯದು. ತಾಯಿ ಜೊತೆಗಿಲ್ಲದಿದ್ದರೆ ನಿಪ್ಪಲ್ ಆಗುತ್ತದೆ.

ಮೂರನೆಯದು ಬೆರಳು. ನಿಪ್ಪಲ್ ಕೊಡದಿದ್ದರೆ ಕೆಲವು ಮಕ್ಕಳು ಹೆಬ್ಬೆರಳು ಹಿಡಿಯುತ್ತವೆ. ನಿಪ್ಪಲ್ಲನ್ನು ಒಂದು ದಿನ ಎಸೆಯಬಹುದು, ಬೆರಳನ್ನು ಎಲ್ಲಿ ಎಸೆಯುವುದು? ಹಾಗೆಂದು ಎರಡು ತಿಂಗಳ ಕೂಸು ಕೈ ಚೀಪುವುದನ್ನು ಕಂಡು ಹೆದರಬೇಡಿ. ಹೊಟ್ಟೆಯೊಳಗಿರುವಾಗಲೇ ಬೆರಳು ಚೀಪುವುದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಹೆಚ್ಚಿನ ಮಕ್ಕಳು ತಾವಾಗಿಯೇ ಬಿಡುತ್ತವೆ.

ಇನ್ನು ನಷ್ಟ. ಎದೆಹಾಲು ನಿಂತುಹೋಗುತ್ತದೆ ಎಂಬ ಭಯದ ಬಗ್ಗೆ 2016ರ ಕೊಕ್ರೇನ್ ವಿಮರ್ಶೆಯಲ್ಲಿ (ಬೇರೆ ಬೇರೆ ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ವರದಿ) ಎರಡು ಪ್ರಯೋಗಗಳ 1,302 ಮಕ್ಕಳ ಲೆಕ್ಕ ನೋಡಿದ್ದಾರೆ. ಹಾಲೂಡಿಸಬೇಕೆಂಬ ಮನಸ್ಸು ಗಟ್ಟಿಯಿದ್ದ ತಾಯಂದಿರಲ್ಲಿ, ಆರೋಗ್ಯವಾಗಿ ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ, ನಾಲ್ಕು ತಿಂಗಳವರೆಗೆ ನಿಪ್ಪಲ್‌ನಿಂದ ವ್ಯತ್ಯಾಸ ಕಾಣಲಿಲ್ಲ. ಇಲ್ಲಿ "ಮನಸ್ಸು ಗಟ್ಟಿಯಿದ್ದ" ಎಂಬ ಮಾತನ್ನು ಹಾರಿಸಿ ಓದಬೇಡಿ. ಈಗಾಗಲೇ ಹಾಲಿನ ಬಗ್ಗೆ ಅನುಮಾನ, ನೋವು, ಸುತ್ತಲಿನವರ ಚುಚ್ಚುಮಾತು ಎಲ್ಲ ಇರುವ ತಾಯಿಯ ಕೈಗೆ ನಿಪ್ಪಲ್ ಸಿಕ್ಕರೆ ಆ ಲೆಕ್ಕ ಹಾಗೇ ನಡೆಯುತ್ತದೆ ಎಂದು ನನಗನಿಸುವುದಿಲ್ಲ.

ಕಿವಿಯ ವಿಷಯ ಇದಕ್ಕಿಂತ ಸ್ಪಷ್ಟ. ಮೂಗಿನ ಹಿಂಭಾಗದಿಂದ ಕಿವಿಯೊಳಕ್ಕೆ ಒಂದು ಸಣ್ಣ ಕೊಳವೆ ಹೋಗುತ್ತದೆ. ಇಡೀ ದಿನ ಚೀಪುವ ಮಕ್ಕಳಲ್ಲಿ ಆ ಕೊಳವೆಯ ಕೆಲಸ ಕೆಡುತ್ತದೆ, ನೆಗಡಿಯಾದಾಗ ಕಿವಿ ನೋವು, ಕಿವಿ ಸೋರುವುದು ಜಾಸ್ತಿ ಎನ್ನುತ್ತಾರೆ. ಫಿನ್ಲೆಂಡಿನಲ್ಲಿ ತಾಯಂದಿರಿಗೆ "ಆರು ತಿಂಗಳ ನಂತರ ನಿದ್ದೆ ಬರುವ ಹೊತ್ತಿಗೆ ಮಾತ್ರ ನಿಪ್ಪಲ್ ಕೊಡಿ" ಎಂದು ತಿಳಿಹೇಳಿದ ಕೇಂದ್ರಗಳಲ್ಲಿ ಕಿವಿ ಸೋಂಕು ಶೇ. 29ರಷ್ಟು ಕಡಿಮೆಯಾಯಿತು. ಆ ಅಧ್ಯಯನ ಪ್ರಕಟವಾದದ್ದು 2000ದಲ್ಲಿ. ಅಲ್ಲಿ ಯಾರೂ ನಿಪ್ಪಲ್ ಪೂರ್ತಿ ಬಿಡಿಸಿರಲಿಲ್ಲ, ಹೊತ್ತು ಕಡಿಮೆ ಮಾಡಿಸಿದ್ದರು ಅಷ್ಟೆ.

ಹಲ್ಲಿನದ್ದು ಆಮೇಲಿನ ಕಥೆ. ಎರಡು ವರ್ಷ ದಾಟಿದ ಮೇಲೂ ಚೀಪಿದರೆ ಮುಂದಿನ ಹಲ್ಲುಗಳು ಮುಚ್ಚಿದಾಗಲೂ ಒಂದಕ್ಕೊಂದು ತಾಗುವುದಿಲ್ಲ, ಅಂಗುಳ ಕಿರಿದಾಗುತ್ತದೆ. ಮೂರು ವರ್ಷದೊಳಗೆ ಬಿಟ್ಟರೆ ಮುಂದಿನ ಹಲ್ಲಿನ ಸಂದು ಬಹಳ ಸಲ ತಾನಾಗಿಯೇ ಸರಿಹೋಗುತ್ತದೆ.

ಹೆಜ್ಜೆ 5: ನಿಮ್ಮ ಮನೆಯಲ್ಲಿ ಎಷ್ಟು ಕೈಗಳಿವೆ?

ಈ ಪ್ರಶ್ನೆಯನ್ನು ಅಮೆರಿಕದ ಡಾಕ್ಟರ್ ಕೇಳುವುದಿಲ್ಲ. ನಮ್ಮ ಕಡೆ ಇದೇ ದೊಡ್ಡ ಪ್ರಶ್ನೆ.

ಮೊದಲ ಮೂರು ತಿಂಗಳು, ಕೆಲವರಿಗೆ ಐದು ತಿಂಗಳು, ಬಾಣಂತಿ ತವರಿನಲ್ಲಿರುತ್ತಾಳೆ. ಎಣ್ಣೆ ಹಚ್ಚಿ ನೀರೆರೆಯುವವರಿದ್ದಾರೆ. ಎತ್ತಿಕೊಳ್ಳಲು ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯ ಅಕ್ಕ ಇದ್ದಾರೆ. ಸಂಜೆ ಅಳುವ ಮಗು ಕೈಯಿಂದ ಕೈಗೆ ಹೋಗುತ್ತಿದ್ದರೆ ಎರಡು ಗಂಟೆ ಕಳೆದುಹೋಗುತ್ತದೆ. ಅಳು ಜಾಸ್ತಿ ಇರುವ ಆರನೇ ವಾರ ಬರುವುದೂ ಇಲ್ಲೇ. ಹಾಗಾಗಿ ತುಂಬಿದ ಬಾಣಂತನದ ಮನೆಯಲ್ಲಿ ನಿಪ್ಪಲ್ ಶುರು ಮಾಡಲು ನಾನಂತೂ ಹೇಳುವುದಿಲ್ಲ. ಶುರು ಮಾಡಿದರೆ ಎತ್ತಿಕೊಂಡವರೆಲ್ಲ ಅದನ್ನೇ ಹುಡುಕುತ್ತಾರೆ. "ಬಾಯ್ಗೆ ಏನಾರ ಮಡುಗಿದ್ರೆ ಸುಮ್ಕಾಯ್ತದೆ ಬುಡವ್ವ" ಎನ್ನುವ ಒಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ.

ಇಬ್ಬರೇ ಇರುವ ಮನೆ ಬೇರೆ. ವಿಜಯನಗರದ ಬಾಡಿಗೆ ಮನೆಯಲ್ಲಿ ಗಂಡ ರಾತ್ರಿ ಪಾಳಿಗೆ ಹೋಗಿ, ಸಿಜೇರಿಯನ್ ಹೊಲಿಗೆ ಇನ್ನೂ ನೋಯುತ್ತಾ, ಬೆಳಗಿನ ಜಾವ ಮೂರಕ್ಕೆ ಒಬ್ಬಳೇ ಮಗು ಎತ್ತಿಕೊಂಡು ಓಡಾಡುವ ತಾಯಿಗೆ "ಜೋಗುಳ ಹಾಡು" ಎನ್ನುವುದು ಸುಲಭ. ಆಕೆಗೆ ನಿದ್ದೆ ಬೇಕು. ಸೋತು ಸುಣ್ಣವಾದವರು ಮಗುವನ್ನು ಜೋರಾಗಿ ಅಲುಗಾಡಿಸಿಬಿಡುವ ಅಪಾಯವೂ ಇದೆ. ಅದರಿಂದ ಮಗುವಿನ ಮಿದುಳಿಗೆ ಪೆಟ್ಟಾಗುತ್ತದೆ. ಅಂಥ ಮನೆಯಲ್ಲಿ, ಹಾಲು ಚೆನ್ನಾಗಿದ್ದು ತಿಂಗಳು ದಾಟಿದ್ದರೆ, ನಿಪ್ಪಲ್ ಕೊಡಿ ಎಂದು ಧೈರ್ಯವಾಗಿ ಹೇಳುತ್ತೇನೆ.

ಮೂರನೆಯದು ಕೆಲಸಕ್ಕೆ ಹೋಗುವ ತಾಯಂದಿರ ಮನೆ. ಮದ್ದೂರು, ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸ್‌ಗೆ ಹೋಗುವವರು ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ಬೆಳಗ್ಗೆಯೇ ಬಸ್ ಹತ್ತುತ್ತಾರೆ. ಅಲ್ಲಿ ನಿಪ್ಪಲ್ ಹಾಲಿನ ಹೊತ್ತನ್ನು ನುಂಗುವುದು ಗೊತ್ತೇ ಆಗುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲು ಕುಡಿಸಿದ ಹೊತ್ತನ್ನು ಬರೆಯುವ ರೂಢಿ ಮಾಡಿಸಿ. ಬರೆಯಲು ಬಾರದಿದ್ದರೆ ಒಂದೊಂದು ಗೀಟು ಸಾಕು. ಅಜ್ಜಿಗೆ "ಕೊಡಬೇಡ" ಎನ್ನುವ ಬದಲು "ಅವ್ವಾ, ಮೊದ್ಲು ಹಾಲು ಕುಡ್ದು ಎಷ್ಟೊತ್ತಾಯ್ತು ನೋಡು, ಆಮೇಲೆ ಕೊಡು" ಎನ್ನಿ. ಅವರೂ ನಿಮ್ಮನ್ನು ಸಾಕಿದವರೇ, ಗದರಿಸಿದರೆ ನೀವು ಹೋದ ಮೇಲೆ ಕದ್ದು ಕೊಡುತ್ತಾರೆ.

ಹೆಜ್ಜೆ 6: ಕೊಳ್ಳುವಾಗ

ದೇವರಾಜ ಅರಸ್ ರಸ್ತೆಯ ಮಕ್ಕಳ ಅಂಗಡಿಯಲ್ಲಾಗಲಿ, ಮಂಡ್ಯ ಪೇಟೆ ಬೀದಿಯ ಮೆಡಿಕಲ್ ಸ್ಟೋರಿನಲ್ಲಾಗಲಿ, ಮುಚ್ಚಿದ ಪ್ಯಾಕೆಟ್ಟಿನದ್ದೇ ತಗೊಳ್ಳಿ. ನಂಜನಗೂಡು, ಮೇಲುಕೋಟೆ ಜಾತ್ರೆಯಲ್ಲಿ ಬುಟ್ಟಿಯಲ್ಲಿ ರಾಶಿ ಹಾಕಿದ ಮಿಣಮಿಣ ನಿಪ್ಪಲ್ ಬೇಡ.

- ಇಡೀ ನಿಪ್ಪಲ್ ಒಂದೇ ತುಂಡಿನದ್ದಾಗಿರಬೇಕು. ಎರಡು ಮೂರು ಭಾಗ ಅಂಟಿಸಿದ್ದು ಕಳಚಿ ಗಂಟಲಿಗೆ ಸಿಕ್ಕಿಕೊಳ್ಳಬಹುದು.
- ಬಾಯಿಯ ಹೊರಗೆ ನಿಲ್ಲುವ ತಟ್ಟೆ ಒಂದೂವರೆ ಇಂಚಿಗಿಂತ ಅಗಲವಾಗಿರಲಿ, ಅದರಲ್ಲಿ ಗಾಳಿಗೆ ತೂತುಗಳಿರಲಿ.
- ವಯಸ್ಸಿನ ಅಳತೆ ನೋಡಿ. 0–6 ತಿಂಗಳಿನದ್ದನ್ನು ದೊಡ್ಡ ಮಗುವಿಗೆ ಕೊಟ್ಟರೆ ತಟ್ಟೆ ಸಮೇತ ಬಾಯೊಳಗೆ ಹೋಗಬಹುದು.
- ಮಣಿ, ಗೆಜ್ಜೆ, ಲೈಟು ಇರುವುದು ಬೇಡ.

ಸಿಲಿಕೋನ್ ಪಾರದರ್ಶಕವಾಗಿರುತ್ತದೆ, ವಾಸನೆ ಹಿಡಿಯುವುದಿಲ್ಲ, ಕುದಿಸಿದರೂ ತಡೆಯುತ್ತದೆ. ಹಳದಿ ರಬ್ಬರಿನದ್ದು ಮೆತ್ತಗೆ, ಆದರೆ ಬೇಗ ಅಂಟಂಟಾಗುತ್ತದೆ, ಕೆಲವರಿಗೆ ರಬ್ಬರ್ ಅಲರ್ಜಿಯೂ ಇರುತ್ತದೆ. ನಾನಾದರೆ ಸಿಲಿಕೋನ್ ತಗೊಳ್ಳುತ್ತೇನೆ. ಒಂದೇ ತರಹದ ಎರಡು ಸಾಕು. ಆರು ತಂದರೆ ಮನೆಯ ಆರು ಮೂಲೆಯಲ್ಲಿ ಬಿದ್ದಿರುತ್ತವೆ.

ಬಾಟಲಿಯ ನಿಪ್ಪಲ್‌ಗೆ ಹತ್ತಿ ತುರುಕಿ ಚೀಪಲು ಕೊಡುವುದನ್ನು ಹಳ್ಳಿಯಲ್ಲೂ ಪೇಟೆಯಲ್ಲೂ ನೋಡುತ್ತೇವೆ. ಮಾಡಲೇಬಾರದು. ಅದು ಕಳಚಿದರೆ ನೇರ ಗಂಟಲಿಗೆ. ಹಣ್ಣು ಹಾಕಿ ಚೀಪಿಸುವ ಜಾಲರಿ ನಿಪ್ಪಲ್ ಆರು ತಿಂಗಳ ನಂತರದ್ದು, ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಹೆಜ್ಜೆ 7: ಕೊಡುವ ರೀತಿ

ಹಾಲಾದ ಮೇಲೆ, ನಿದ್ದೆಯ ಹೊತ್ತಿಗೆ. ತುಟಿಗೆ ಮುಟ್ಟಿಸಿ ನೋಡಿ. ತಾನಾಗಿ ಎಳೆದುಕೊಂಡರೆ ಸರಿ. ಉಗಿದರೆ ಒತ್ತಬೇಡಿ, ಬೇಡ ಎನ್ನುವ ಮಗುವಿಗೆ ಇದನ್ನು ಕಲಿಸುವ ಅಗತ್ಯವಿಲ್ಲ. ನಿದ್ದೆಯಲ್ಲಿ ಬಿದ್ದರೆ ಮತ್ತೆ ಇಡಬೇಡಿ. ರಾತ್ರಿ ನಾಲ್ಕು ಸಲ ಎದ್ದು ಬಾಯಿಗಿಡುವ ಕೆಲಸ ನೀವೇ ತಂದುಕೊಳ್ಳುವ ಕಷ್ಟ.

ದಾರದಲ್ಲಿ ಕಟ್ಟಿ ಕುತ್ತಿಗೆಗೆ ಹಾಕಬೇಡಿ. ಈಗಾಗಲೇ ಕರಿದಾರ, ಬಜೆ ಸರ, ತಾಯತ ಇರುವ ಕುತ್ತಿಗೆ ಅದು. ಯಾವ ದಾರವಾದರೂ ತೊಟ್ಟಿಲ ಕಂಬಿಗೆ, ಜೋಲಿಗೆ ಸಿಕ್ಕಿಕೊಂಡರೆ ಉಸಿರುಗಟ್ಟುತ್ತದೆ. ಅಂಗಿಗೆ ಸಿಕ್ಕಿಸುವ ಕ್ಲಿಪ್ ಪಟ್ಟಿ ಆಗಬಹುದು, 22 ಸೆಂಟಿಮೀಟರಿಗಿಂತ ಉದ್ದ ಬೇಡ. ಮಲಗಿಸುವಾಗ ಅದನ್ನೂ ತೆಗೆಯಿರಿ.

ಮೈಸೂರು–ಬೆಂಗಳೂರು ಬಸ್ಸಿನಲ್ಲಿ ನಿಪ್ಪಲ್ ಕೆಳಗೆ ಬಿದ್ದೇ ಬೀಳುತ್ತದೆ. ಕುದಿಸಿದ ಇನ್ನೊಂದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಬಿದ್ದದ್ದನ್ನು ತಾವು ಚೀಪಿ "ಕ್ಲೀನ್" ಮಾಡಿ ಮಗುವಿಗೆ ಕೊಡುವವರಿದ್ದಾರೆ. ದೊಡ್ಡವರ ಎಂಜಲಿನಲ್ಲಿ ಹಲ್ಲು ಹುಳುಕಾಗಿಸುವ ಬ್ಯಾಕ್ಟೀರಿಯಾ ಇರುತ್ತದೆ. ಸೆರಗಿನಲ್ಲಿ ಒರೆಸುವುದೂ ತೊಳೆದ ಹಾಗಲ್ಲ.

ಹೆಜ್ಜೆ 8: ತೊಳೆಯುವುದು

ಹೊಸದನ್ನು ಬಳಸುವ ಮೊದಲು ಪೂರ್ತಿ ಮುಳುಗುವ ನೀರಿನಲ್ಲಿ 5 ನಿಮಿಷ ಕುದಿಸಿ. ಆರು ತಿಂಗಳವರೆಗೆ ದಿನಕ್ಕೊಮ್ಮೆ ಕುದಿಸುವುದು ಒಳ್ಳೆಯದು, ಕೆಳಗೆ ಬಿದ್ದರೆ ಮತ್ತೊಮ್ಮೆ. ಆಮೇಲೆ ಸೋಪು ಮತ್ತು ಬಿಸಿನೀರು ಸಾಕು. ಆರಿದ ಮೇಲೆ ಒಳಗೆ ನೀರು ಉಳಿದಿದ್ದರೆ ಹಿಂಡಿ ತೆಗೆಯಿರಿ. ಮಗುವಿನ ನಾಲಿಗೆ, ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಪದರ ಕಂಡರೆ ಅದು ಫಂಗಸ್ ಇರಬಹುದು. ಡಾಕ್ಟರಿಗೆ ತೋರಿಸಿ, ನಿಪ್ಪಲ್ ಬದಲಾಯಿಸಿ.

ಪ್ರತಿ ಸಲ ಕೊಡುವ ಮೊದಲು ಒಮ್ಮೆ ಜೋರಾಗಿ ಎಳೆದು ನೋಡಿ. ಬಿರುಕು, ಅಂಟು, ಹಲ್ಲಿನ ಗುರುತು ಇದ್ದರೆ ಕಸಕ್ಕೆ. ಏನೂ ಕಾಣದಿದ್ದರೂ ಒಂದೆರಡು ತಿಂಗಳಿಗೊಮ್ಮೆ ಹೊಸದು ತರುವುದೇ ಸರಿ.

ಹೆಜ್ಜೆ 9: ಬಿಡಿಸುವುದು

ಆರು ತಿಂಗಳಾದ ದಿನದಿಂದ ನಿದ್ದೆಗೆ ಬಿಟ್ಟು ಬೇರೆ ಹೊತ್ತಿಗೆ ನಿಲ್ಲಿಸಿ. ಅನ್ನಪ್ರಾಶನ ಆಗಿರುತ್ತದೆ, ಬಾಯಿಗೆ ಬೇರೆ ಕೆಲಸ ಸಿಕ್ಕಿರುತ್ತದೆ. ಹಲ್ಲು ಬರುವ ಒಸಡಿಗೆ ಕಚ್ಚಲು ಕೊಡುವ ಗಟ್ಟಿ ಆಟಿಕೆ ಬೇಕಾದರೆ ಕೊಡಿ. ಒಂದು ವರ್ಷದೊಳಗೆ ಪೂರ್ತಿ ಬಿಡಿಸಿದರೆ ಬಹಳ ಸುಲಭ, ಯಾಕೆಂದರೆ ಆ ಮಗುವಿಗೆ ಹುಡುಕಿಕೊಂಡು ಹೋಗಲು ಬರುವುದಿಲ್ಲ, ಬಾಯಿಬಿಟ್ಟು ಕೇಳಲೂ ಬರುವುದಿಲ್ಲ. ತಡವಾದರೆ ಎರಡು ವರ್ಷ. ಮೂರು ದಾಟಬಾರದು.

ಮೊದಲು ಹಗಲಿನ ನಿದ್ದೆ, ಆಮೇಲೆ ರಾತ್ರಿಯದ್ದು. ಬದಲಿಗೆ ಬೆನ್ನು ತಟ್ಟುವುದು, ಹಾಡು, ಒಂದು ಕಥೆ. ಒಂದು ವರ್ಷ ದಾಟಿದ್ದರೆ ಅಜ್ಜಿಯ ಹಳೇ ಹತ್ತಿ ಸೀರೆಯ ಚಿಕ್ಕ ತುಂಡೊಂದನ್ನು ಹಿಡಿದುಕೊಳ್ಳಲು ಕೊಡಬಹುದು. ಕೆಲವು ರಾತ್ರಿ ಅಳುತ್ತದೆ. ನಡುವೆ ಸೋತು ಒಮ್ಮೆ ಕೊಟ್ಟರೆ, ಎಷ್ಟು ಹೊತ್ತು ಅತ್ತರೆ ಸಿಗುತ್ತದೆ ಎಂಬುದನ್ನು ಮಗು ಕಲಿತುಬಿಡುತ್ತದೆ. ಜ್ವರ, ಹೊಸ ಮನೆ, ತಮ್ಮನೋ ತಂಗಿಯೋ ಹುಟ್ಟಿದ ಸಮಯ ಇದಕ್ಕೆ ಸರಿಯಲ್ಲ.

ಬೇವಿನೆಣ್ಣೆ, ಮೆಣಸಿನ ಪುಡಿ ಸವರುವುದು ಬೇಡ. ತುದಿ ಕತ್ತರಿಸಿ ಕೊಡುವುದಂತೂ ಬೇಡವೇ ಬೇಡ, ಹರಿದ ತುಂಡು ಗಂಟಲಿಗೆ ಹೋಗುತ್ತದೆ. "ಕಾಗೆ ಎತ್ಕೊಂಡು ಹೋಯ್ತು" ಎಂಬ ನಮ್ಮ ಹಳೇ ಉಪಾಯ ಒಂದೂವರೆ ವರ್ಷದ ಮಗುವಿಗೆ ಚೆನ್ನಾಗಿ ನಡೆಯುತ್ತದೆ. ಎರಡೂವರೆಯದ್ದು ಮಹಡಿ ಹತ್ತಿ ಕಾಗೆಯನ್ನೇ ಕೇಳಲು ಹೊರಡುತ್ತದೆ. ಅಂಥದ್ದಕ್ಕೆ ನಿಜ ಹೇಳಿ, ಅದರ ಕೈಯಿಂದಲೇ ಕಸದ ಬುಟ್ಟಿಗೆ ಹಾಕಿಸಿ.

ನಿಪ್ಪಲ್‌ನಿಂದಲೇ ಮಾತು ತಡವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಆದರೆ ಬಾಯಿ ಮುಚ್ಚಿರುವಾಗ ಮಗು ಮಾತಾಡುವುದಿಲ್ಲ, ಅಲ್ವಾ? ಪದೇ ಪದೇ ಕಿವಿ ಸೋರುವ, ಕರೆದರೆ ತಿರುಗದ, ವಯಸ್ಸಿಗೆ ತಕ್ಕ ಮಾತು ಬಾರದ ಮಗುವನ್ನು ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. ದೂರದ ಊರುಗಳಿಂದ ಜನ ಅಲ್ಲಿಗೆ ಬರುತ್ತಾರೆ, ನಮಗೆ ಅದು ಸಿಟಿ ಬಸ್ಸಿನ ದೂರದಲ್ಲಿದೆ. ಹಲ್ಲಿನ ಸಂದು ಕಂಡರೆ ದಂತವೈದ್ಯರಿಗೆ ತೋರಿಸಿ.

ಬಿಡಿಸುವ ದಿನ ಮನೆಯ ಎಲ್ಲ ನಿಪ್ಪಲ್ ಒಟ್ಟಿಗೆ ಎಸೆಯಿರಿ. ತೊಟ್ಟಿಲ ಹಾಸಿಗೆ ಕೆಳಗೆ, ಕಾರಿನ ಸೀಟಿನ ಸಂದಿಯಲ್ಲಿ, ಡಯಾಪರ್ ಬ್ಯಾಗಿನ ಪಕ್ಕದ ಜೇಬಿನಲ್ಲಿ ನೋಡಿ. ಅಜ್ಜಿಯ ಎಲೆಅಡಿಕೆ ಚೀಲವನ್ನೂ ನೋಡಿ, ಅಲ್ಲಿ ಒಂದು ಇದ್ದೇ ಇರುತ್ತದೆ.